ಕೋರ್ಟಿನ ಕಾಗದ ಬಂತೆಂದು ಹಸು ಮಾರಬೇಡಿ



ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಕೆಚ್ಚಲು ಬಾವು, ಗರ್ಭ ನಿಲ್ಲದಿರುವುದು, ಕರುಗಳ ಜಂತುಹುಳು ಇಂಥ ವಿಷಯಗಳನ್ನು ಬರೆಯುತ್ತೇನೆ. ಈ ಸಲ ಕೋರ್ಟಿನ ಮಾತುಗಳ ಬಗ್ಗೆ ಬರೆಯುತ್ತಿದ್ದೇನೆ. ಹಸುವಿನ ಡಾಕ್ಟರಿಗೂ ಕೋರ್ಟಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಒಂದು ಹಸುವಿನಿಂದಲೇ ಈ ಸಂಬಂಧ ಬಂತು.

ನಾನು ಕೆಲಸಕ್ಕೆ ಸೇರಿದ ಹೊಸತು. ಒಂದು ಸಂಘದ ಸದಸ್ಯೆ ಫೋನ್ ಮಾಡಿ, "ಡಾಕ್ಟ್ರಮ್ಮ, ಹಸು ಕೊಟ್ಬಿಡ್ಬೇಕು ಅಂತಿದೀನಿ. ಆರೋಗ್ಯವಾಗೈತೆ ಅಂತ ಒಂದು ಸರ್ಟಿಫಿಕೇಟ್ ಬರ್ಕೊಡಿ" ಎಂದರು. ಹೋಗಿ ನೋಡಿದೆ. ಎರಡನೇ ಸೂಲಿನ ಎಚ್‌ಎಫ್ ಮಿಶ್ರತಳಿ, ಆರು ತಿಂಗಳ ಗಬ್ಬ, ಕೆಚ್ಚಲು ಚೆನ್ನಾಗಿತ್ತು. ಇಂಥ ಹಸುವನ್ನು ಯಾರೂ ಮಾರುವುದಿಲ್ಲ. ಆದರೂ ಯಾಕೆ ಎಂದು ನಾನು ಕೇಳಲಿಲ್ಲ. ಸರ್ಟಿಫಿಕೇಟ್ ಬರೆದುಕೊಟ್ಟು ಮುಂದಿನ ಊರಿಗೆ ಹೊರಟೆ.

ತಿಂಗಳ ನಂತರ ಸಂಘದ ಕಾರ್ಯದರ್ಶಿಯಿಂದ ವಿಷಯ ತಿಳಿಯಿತು. ಆಕೆಯ ಗಂಡ ತೀರಿಹೋಗಿದ್ದರು. ಅವರು ಬದುಕಿದ್ದಾಗ ಪ್ರೋನೋಟು ಬರೆದು ಸಾಲ ಮಾಡಿದ್ದರಂತೆ. ಸಾಲ ಕೊಟ್ಟವರು ಕೋರ್ಟಿಗೆ ಹೋದರು. ಮನೆಗೆ ಕೋರ್ಟಿನ ಕಾಗದ ಬಂತು. ಅದನ್ನು ಓದಿ ಹೇಳುವವರು ಇರಲಿಲ್ಲ. "ಅಮೀನ ಬಂದು ಹಸು ಹೊಡ್ಕೊಂಡು ಹೋಗ್ತಾನೆ, ಅದಕ್ಕೆ ಮುಂಚೆ ಮಾರ್ಕೋ" ಎಂದು ಯಾರೋ ಹೇಳಿದರು. ಬಂದಷ್ಟಕ್ಕೆ ಹಸು ಕೊಟ್ಟುಬಿಟ್ಟರು. ಆ ಕಾಗದ ಬರೀ ಒಂದು ಸಮನ್ಸ್ ಆಗಿತ್ತು. ಜಪ್ತಿಯ ಮಾತೇ ಅದರಲ್ಲಿ ಇರಲಿಲ್ಲ.

ನಾನು ವಕೀಲೆಯಲ್ಲ. ಆದರೆ ಅಂದಿನಿಂದ ಯಾರಾದರೂ ಒಳ್ಳೆಯ ಹಸುವನ್ನು ಅವಸರದಲ್ಲಿ ಮಾರಲು ಹೊರಟರೆ ಮೊದಲು ಕಾರಣ ಕೇಳುತ್ತೇನೆ. ಕಾರಣ ಕೋರ್ಟಿನ ಕಾಗದವಾದರೆ ಅದನ್ನು ತರಿಸಿ ಓದುತ್ತೇನೆ. ಹಾಗೆ ಓದುತ್ತಾ, ವಕೀಲರನ್ನು ಕೇಳುತ್ತಾ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಸಿವಿಲ್ ಎಂದರೆ ಏನು?

ಜಮೀನು, ಮನೆ, ದಾರಿ, ಪಾಲು, ಸಾಲ, ಮಾರಾಟ ಇಂಥ ಹಕ್ಕು ಮತ್ತು ಹಣದ ವ್ಯಾಜ್ಯಗಳು ಸಿವಿಲ್ ವ್ಯಾಜ್ಯಗಳು. ಕಳ್ಳತನ, ಹೊಡೆದಾಟ ಇಂಥವು ಕ್ರಿಮಿನಲ್. ಸಿವಿಲ್ ದಾವೆಯಲ್ಲಿ ಆರೋಪಿ ಇಲ್ಲ, ಜಾಮೀನು ಇಲ್ಲ, ಪೊಲೀಸರು ಬಂದು ಹಿಡಿದುಕೊಂಡು ಹೋಗುವುದಿಲ್ಲ. ಈ ದಾವೆಗಳು ನಡೆಯುವ ರೀತಿಯನ್ನು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಎಂಬ ಕಾನೂನು ಹೇಳುತ್ತದೆ.

ಕೋರ್ಟಿಗೆ ಮೊದಲು ಹೋದವರು ವಾದಿ. ಯಾರ ಮೇಲೆ ಹೋದರೋ ಅವರು ಪ್ರತಿವಾದಿ. "ನನ್ನ ಹೆಸರಿನ ಮುಂದೆ ಪ್ರತಿವಾದಿ ಅಂತ ಬರ್ದವ್ರೆ, ನಾನೇನು ತಪ್ಪು ಮಾಡಿವ್ನಿ?" ಎಂದು ಒಬ್ಬ ಅಜ್ಜಿ ನನ್ನ ಮುಂದೆ ಅತ್ತುಬಿಟ್ಟರು. ಪ್ರತಿವಾದಿ ಎಂದರೆ ತಪ್ಪಿತಸ್ಥರು ಎಂದಲ್ಲ. ಉತ್ತರ ಹೇಳಬೇಕಾದವರು ಎಂದಷ್ಟೇ ಅರ್ಥ. ಪಾಲಿನ ದಾವೆಯಲ್ಲಿ ಮನೆಯ ಹಕ್ಕುದಾರರನ್ನೆಲ್ಲ ಸೇರಿಸಲೇಬೇಕಾದ್ದರಿಂದ ಯಾವ ಜಗಳಕ್ಕೂ ಹೋಗದ ಹೆಣ್ಣುಮಕ್ಕಳ ಹೆಸರೂ ಪ್ರತಿವಾದಿಗಳ ಪಟ್ಟಿಯಲ್ಲಿ ಇರುತ್ತದೆ.

ವಾದಿ ತನ್ನ ಅಹವಾಲನ್ನು ಬರೆದು ಸಲ್ಲಿಸುವ ಪತ್ರ ವಾದಪತ್ರ. ಅದಕ್ಕೆ ಕೊಡುವ ನಂಬರು ದಾವೆ ಸಂಖ್ಯೆ. "ಓ.ಎಸ್." ಎಂದು ಬರೆದಿದ್ದರೆ ಅದು ಮೂಲ ದಾವೆ. ಇದರ ಜೊತೆಗೆ ಪ್ರತಿ ಪ್ರಕರಣಕ್ಕೂ ಅಂಕಿ ಮತ್ತು ಅಕ್ಷರ ಸೇರಿ 16 ಸ್ಥಾನಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಹಸುವಿನ ಕಿವಿಯೋಲೆಯ 12 ಅಂಕಿಗಳಿಂದ ಹಸುವಿನ ವಿವರ ಸಿಗುವಂತೆ, ಈ ನಂಬರಿನಿಂದ ನಿಮ್ಮ ಪ್ರಕರಣ ಯಾವ ಹಂತದಲ್ಲಿದೆ, ಮುಂದಿನ ತಾರೀಕು ಯಾವತ್ತು ಎಂಬುದು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಸಿಗುತ್ತದೆ. ಓದುವ ಮಕ್ಕಳಿಗೆ ಹೇಳಿದರೆ ಎರಡು ನಿಮಿಷದಲ್ಲಿ ನೋಡಿ ಹೇಳುತ್ತಾರೆ.

ಸಮನ್ಸ್: ಹೆದರಬೇಡಿ, ತಡಮಾಡಲೂ ಬೇಡಿ

ಸಮನ್ಸ್ ಎಂದರೆ "ನಿಮ್ಮ ಮೇಲೆ ದಾವೆ ಹೂಡಿದ್ದಾರೆ, ಇಂಥ ದಿನ ಬಂದು ನಿಮ್ಮ ಮಾತು ಹೇಳಿ" ಎಂದು ಕೋರ್ಟ್ ಕಳುಹಿಸುವ ಕರೆ. ಅದು ತೀರ್ಪಲ್ಲ, ದಂಡವಲ್ಲ. ಅದರ ಜೊತೆ ವಾದಪತ್ರದ ಪ್ರತಿಯೂ ಇರಬೇಕು. ಇಲ್ಲದಿದ್ದರೆ ಕೇಳಿ.

ಕಾಗದ ತೆಗೆದುಕೊಳ್ಳದಿದ್ದರೆ ಕೇಸು ನಡೆಯುವುದಿಲ್ಲ ಎಂದು ಹಲವರು ನಂಬಿದ್ದಾರೆ. ಇದು ತಪ್ಪು. ನೀವು ಬೇಡವೆಂದರೆ ಬಾಗಿಲಿಗೆ ಅಂಟಿಸಿ ಹೋಗುತ್ತಾರೆ. ನೀವು ಮನೆಯಲ್ಲಿ ಇಲ್ಲದಾಗ ಜೊತೆಯಲ್ಲಿ ವಾಸಿಸುವ ವಯಸ್ಕರ ಕೈಗೆ, ಸೊಸೆಯಾಗಲಿ ಮಗನಾಗಲಿ, ಕೊಟ್ಟು ಹೋಗಬಹುದು. ಆದ್ದರಿಂದ ಮನೆಯವರಿಗೆಲ್ಲ ಹೇಳಿಡಿ: ಕೋರ್ಟಿನ ಕಾಗದ ಬಂದರೆ ಆ ದಿನವೇ ನನಗೆ ಹೇಳಬೇಕು. ಕಾಗದದ ಮೂಲೆಯಲ್ಲಿ ಅದು ಕೈಗೆ ಬಂದ ತಾರೀಕು ಬರೆದಿಡಿ. ಆ ತಾರೀಕಿನಿಂದಲೇ ಲೆಕ್ಕ ಶುರುವಾಗುತ್ತದೆ.

ಕೆಚ್ಚಲು ಬಾವು ಮೊದಲ ದಿನ ತೋರಿಸಿದರೆ ಹಾಲು ಉಳಿಯುತ್ತದೆ, ಎಂಟನೇ ದಿನ ತೋರಿಸಿದರೆ ಮೊಲೆಯೇ ಹೋಗುತ್ತದೆ. ಸಮನ್ಸ್ ಕೂಡ ಹಾಗೆಯೇ.

ವಕಾಲತ್ತು ಮತ್ತು ಲಿಖಿತ ಹೇಳಿಕೆ

ನಿಮ್ಮ ಪರವಾಗಿ ನಡೆಸಲು ವಕೀಲರಿಗೆ ಅಧಿಕಾರ ಕೊಟ್ಟು ಸಹಿ ಹಾಕುವ ಪತ್ರ ವಕಾಲತ್ತು. ಸಹಿ ಹಾಕಲಿ, ಹೆಬ್ಬೆಟ್ಟು ಒತ್ತಲಿ, ಮೊದಲು ಓದಿಸಿ ಕೇಳಿ. ಖಾಲಿ ಹಾಳೆಗೆ ಯಾರು ಹೇಳಿದರೂ ಸಹಿ ಹಾಕಬೇಡಿ.

ವಾದಿಯ ಮಾತಿಗೆ ನೀವು ಬರವಣಿಗೆಯಲ್ಲಿ ಕೊಡುವ ಉತ್ತರ ಲಿಖಿತ ಹೇಳಿಕೆ. ವಕೀಲರು ಇದನ್ನು ತಕರಾರು ಎಂದೂ ಹೇಳುತ್ತಾರೆ. ಸಮನ್ಸ್ ಕೈಗೆ ಬಂದ 30 ದಿನಗಳೊಳಗೆ ಇದನ್ನು ಸಲ್ಲಿಸಬೇಕು. ಸರಿಯಾದ ಕಾರಣ ಹೇಳಿದರೆ ಕೋರ್ಟ್ ಸಮನ್ಸ್ ಬಂದ ದಿನದಿಂದ 90 ದಿನಗಳವರೆಗೆ ಅವಕಾಶ ಕೊಡಬಹುದು. ವಾದಪತ್ರದಲ್ಲಿ ಬರೆದ ಸುಳ್ಳನ್ನು ನೀವು ಇಲ್ಲಿ ಅಲ್ಲಗಳೆಯದಿದ್ದರೆ ಒಪ್ಪಿಕೊಂಡಂತೆ ಆಗುವ ಅಪಾಯವಿದೆ. ಹಾಗಾಗಿ ವಕೀಲರ ಮುಂದೆ ಏನನ್ನೂ ಮುಚ್ಚಿಡಬೇಡಿ. ಎಷ್ಟು ಸಾಲ, ಎಷ್ಟು ತೀರಿಸಿದ್ದೀರಿ, ಯಾರೆದುರು ಕೊಟ್ಟಿರಿ, ಎಲ್ಲ ಹೇಳಿ.

ಇಲ್ಲಿ ಇನ್ನೊಂದು ಪದ ಬರುತ್ತದೆ, ಕಾಲಮಿತಿ. ಪ್ರತಿಯೊಂದು ದಾವೆಗೂ ಒಂದು ಅವಧಿ ಇದೆ. ಕೈಸಾಲದ ಹಣ ವಸೂಲಿಗೆ ಸಾಮಾನ್ಯವಾಗಿ 3 ವರ್ಷ. ನಡುವೆ ಬಡ್ಡಿ ಕಟ್ಟಿ ಸಹಿ ಹಾಕಿದ್ದರೆ ಅಥವಾ ಸಾಲ ಇದೆ ಎಂದು ಬರೆದುಕೊಟ್ಟಿದ್ದರೆ ಅವಧಿ ಹೊಸದಾಗಿ ಶುರುವಾಗಬಹುದು. "ಹಳೇ ಪ್ರೋನೋಟು, ಹಿಂದೆ ಒಂದು ಸಹಿ ಹಾಕಕ್ಕ" ಎಂದು ಯಾರಾದರೂ ಬಂದರೆ ಯಾಕೆ ಕೇಳುತ್ತಿದ್ದಾರೆ ಎಂಬುದು ಈಗ ನಿಮಗೆ ಗೊತ್ತಾಗುತ್ತದೆ.

ಏಕಪಕ್ಷೀಯ ಆದೇಶ

ಸಮನ್ಸ್ ತಲುಪಿದ ಮೇಲೂ ನೀವಾಗಲಿ ನಿಮ್ಮ ವಕೀಲರಾಗಲಿ ಹೋಗದಿದ್ದರೆ ಕೋರ್ಟ್ ವಾದಿಯ ಮಾತನ್ನು ಮಾತ್ರ ಕೇಳಿ ಮುಂದುವರಿಯಬಹುದು. ಇದೇ ಏಕಪಕ್ಷೀಯ, ಕೋರ್ಟಿನ ಆಡುಮಾತಿನಲ್ಲಿ ಎಕ್ಸ್‌ಪಾರ್ಟಿ. ಒಂದು ಕಡೆಯ ಹಗ್ಗ ಬಿಟ್ಟರೆ ಹಸು ಇನ್ನೊಬ್ಬರು ಎಳೆದ ಕಡೆಗೇ ಹೋಗುತ್ತದೆ.

ಹಾಗೆ ಡಿಕ್ರಿ ಆಗಿಬಿಟ್ಟಿದ್ದರೂ ದಾರಿ ಪೂರ್ತಿ ಮುಚ್ಚಿಲ್ಲ. ಸಮನ್ಸ್ ಸರಿಯಾಗಿ ತಲುಪಿರಲಿಲ್ಲ ಅಥವಾ ಬರಲಾಗದ ಬಲವಾದ ಕಾರಣವಿತ್ತು ಎಂದು ತೋರಿಸಿದರೆ ಅದನ್ನು ರದ್ದು ಮಾಡಿಸಲು ಅರ್ಜಿ ಹಾಕಬಹುದು. ಡಿಕ್ರಿಯಾದ ದಿನದಿಂದ 30 ದಿನ, ಸಮನ್ಸ್ ಸರಿಯಾಗಿ ಬಂದೇ ಇರಲಿಲ್ಲವಾದರೆ ವಿಷಯ ತಿಳಿದ ದಿನದಿಂದ 30 ದಿನ ಅವಕಾಶವಿದೆ. ಹೆರಿಗೆ, ಆಸ್ಪತ್ರೆ, ಸಾವು ಇಂಥ ಕಾರಣವಿದ್ದರೆ ಅದರ ಚೀಟಿ ಜೋಪಾನವಾಗಿಡಿ.

ತಡೆಯಾಜ್ಞೆ, ಯಥಾಸ್ಥಿತಿ, ಕೇವಿಯಟ್

"ದಾವೆ ಮುಗಿಯುವ ತನಕ ಈ ಕೆಲಸ ಮಾಡಬೇಡಿ" ಎಂದು ಕೋರ್ಟ್ ಹೇಳುವುದು ತಾತ್ಕಾಲಿಕ ತಡೆಯಾಜ್ಞೆ. ಜನ ಇದನ್ನು "ಸ್ಟೇ" ಎನ್ನುತ್ತಾರೆ. "ಈಗ ಹೇಗಿದೆಯೋ ಹಾಗೇ ಇರಲಿ" ಎಂದರೆ ಯಥಾಸ್ಥಿತಿ. ನೇಪಿಯರ್ ಹುಲ್ಲು ಬೆಳೆದ ಹೊಲದ ಮೇಲೆ ಇಂಥ ಆದೇಶ ಬಂದರೆ ಹುಲ್ಲು ಕೊಯ್ಯಬಹುದೋ ಬಾರದೋ ಎಂಬುದು ಆದೇಶದ ಮಾತಿನ ಮೇಲೆ ನಿಂತಿರುತ್ತದೆ. ವಕೀಲರಿಂದ ಓದಿಸಿಕೊಂಡೇ ಹೊಲಕ್ಕೆ ಇಳಿಯಿರಿ. ಮೇವಿಗೆ ತೊಂದರೆಯಾದರೆ ಅದನ್ನೇ ಹೇಳಿ, ಆದೇಶ ಬದಲಾಯಿಸಿ ಎಂದು ಅರ್ಜಿ ಹಾಕಬಹುದು. ಆದೇಶ ಮೀರಿದರೆ ಮಾತ್ರ ಕಷ್ಟ. ಆಸ್ತಿ ಜಪ್ತಿ ಮಾಡಲು, 3 ತಿಂಗಳವರೆಗೆ ಸಿವಿಲ್ ಸೆರೆವಾಸಕ್ಕೆ ಕಳುಹಿಸಲು ಕೂಡ ಕೋರ್ಟಿಗೆ ಅಧಿಕಾರವಿದೆ.

ಇನ್ನೊಬ್ಬರು ದಾವೆ ಹಾಕಿ ನಿಮಗೆ ತಿಳಿಯದಂತೆ ತಡೆಯಾಜ್ಞೆ ತರುತ್ತಾರೆ ಎಂಬ ಅನುಮಾನವಿದ್ದರೆ ನೀವೇ ಮೊದಲು ಹೋಗಿ "ನನ್ನ ಮಾತನ್ನೂ ಕೇಳಿ ಆದೇಶ ಮಾಡಿ" ಎಂದು ಅರ್ಜಿ ಕೊಡಬಹುದು. ಇದಕ್ಕೆ ಕೇವಿಯಟ್ ಎನ್ನುತ್ತಾರೆ. ಕಾಲುಬಾಯಿ ರೋಗಕ್ಕೆ ಮುಂಚೆಯೇ ಲಸಿಕೆ ಹಾಕಿಸಿದ ಹಾಗೆ. ಇದರ ಬಲ 90 ದಿನ. ಆಮೇಲೆ ಬೇಕಾದರೆ ಮತ್ತೆ ಹಾಕಬೇಕು.

ಸಾಕ್ಷಿ ಮತ್ತು ಪಾಟೀಸವಾಲು

ಎರಡೂ ಕಡೆಯವರ ಮಾತು ಬರವಣಿಗೆಯಲ್ಲಿ ಬಂದ ಮೇಲೆ ಜಗಳ ಯಾವ ಯಾವ ಅಂಶದ ಮೇಲಿದೆ ಎಂದು ಕೋರ್ಟ್ ಗುರುತಿಸುತ್ತದೆ. ಅವೇ ವಿವಾದಾಂಶಗಳು. ಆಮೇಲೆ ಸಾಕ್ಷಿ. ತನ್ನ ಕಡೆಯ ಮಾತನ್ನು ಹೇಳುವುದು ಮುಖ್ಯ ವಿಚಾರಣೆ, ಈಗ ಅದನ್ನು ಹೆಚ್ಚಾಗಿ ಪ್ರಮಾಣಪತ್ರದ ರೂಪದಲ್ಲಿ, ಅಂದರೆ ಅಫಿಡವಿಟ್ ಆಗಿ ಸಲ್ಲಿಸುತ್ತಾರೆ. ಎದುರಿನ ವಕೀಲರು ಕೇಳುವ ಪ್ರಶ್ನೆಗಳು ಪಾಟೀಸವಾಲು.

ನನಗೂ ಒಮ್ಮೆ ಸಾಕ್ಷಿಯಾಗಿ ಸಮನ್ಸ್ ಬಂತು. ಹಸು ಕೊಂಡವರು "ಹೇಳಿದಷ್ಟು ಹಾಲು ಇಲ್ಲ, ಹಣ ವಾಪಸ್ ಕೊಡಿ" ಎಂದು ಮಾರಿದವರ ಮೇಲೆ ದಾವೆ ಹಾಕಿದ್ದರು. ಆ ಹಸುವಿಗೆ ನಾನು ಚಿಕಿತ್ಸೆ ಮಾಡಿದ್ದೆ. ನಿಜ ಹೇಳಬೇಕೆಂದರೆ ಕಾಗದ ನೋಡಿ ನನಗೂ ಕೈ ನಡುಗಿತು, ಎರಡು ದಿನ ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡಿದೆ. ಕಟಕಟೆಯಲ್ಲಿ ನಿಂತಾಗ ನನ್ನನ್ನು ಕಾಪಾಡಿದ್ದು ಓದಿದ ಡಿಗ್ರಿಯಲ್ಲ, ಚಿಕಿತ್ಸಾ ಪುಸ್ತಕದಲ್ಲಿ ಬರೆದಿದ್ದ ತಾರೀಕು ಮತ್ತು ಕಿವಿಯೋಲೆ ನಂಬರು. ಗೊತ್ತಿದ್ದಕ್ಕೆ ಗೊತ್ತು ಎಂದೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೆ. ಅಷ್ಟೇ ಸಾಕಾಯಿತು.

ನಿಮಗೂ ಇದನ್ನೇ ಹೇಳುತ್ತೇನೆ. ಕನ್ನಡದಲ್ಲೇ ಮಾತಾಡಿ. ಪ್ರಶ್ನೆ ಅರ್ಥವಾಗದಿದ್ದರೆ "ಸ್ವಾಮಿ, ಅರ್ಥ ಆಗ್ಲಿಲ್ಲ, ಇನ್ನೊಂದು ಸಲ ಕೇಳಿ" ಎನ್ನಿ. ಹಸು ಕೊಂಡ ಚೀಟಿ, ವಿಮೆ ಕಾಗದ, ಸಂಘದ ಹಾಲಿನ ಪುಸ್ತಕ, ಸಾಲ ಕಟ್ಟಿದ ರಸೀದಿ, ಇವನ್ನೆಲ್ಲ ಒಂದೇ ಚೀಲದಲ್ಲಿ ಇಡಿ.

ಡಿಕ್ರಿ, ಅಮಲ್ಜಾರಿ, ಜಪ್ತಿ

ಈಗ ಹಸುವಿನ ವಿಷಯಕ್ಕೆ ಬರೋಣ. ನ್ಯಾಯಾಧೀಶರು ಕಾರಣ ಸಹಿತ ಬರೆದು ಹೇಳುವುದು ತೀರ್ಪು. ಆ ತೀರ್ಪಿನಂತೆ ಯಾರಿಗೆ ಏನು ಸಿಗಬೇಕು ಎಂದು ಹೊರಡುವ ಆದೇಶ ಡಿಕ್ರಿ. ಇಷ್ಟವಾಗದಿದ್ದರೆ ಮೇಲಿನ ಕೋರ್ಟಿಗೆ ಹೋಗುವುದು ಮೇಲ್ಮನವಿ. ಜಿಲ್ಲೆಯ ಕೋರ್ಟುಗಳಿಗಾದರೆ 30 ದಿನ, ಹೈಕೋರ್ಟಿಗಾದರೆ 90 ದಿನ ಅವಕಾಶ. ಡಿಕ್ರಿಯಂತೆ ನಡೆಯದಿದ್ದರೆ ಅದನ್ನು ಜಾರಿ ಮಾಡಿಸಲು ಹಾಕುವ ಅರ್ಜಿ ಅಮಲ್ಜಾರಿ ಅರ್ಜಿ. ಜಪ್ತಿ ಸಾಮಾನ್ಯವಾಗಿ ಬರುವುದು ಈ ಕೊನೆಯ ಹಂತದಲ್ಲಿ. ಸಮನ್ಸಿನಿಂದ ಇಲ್ಲಿಗೆ ಬಹಳ ದೂರವಿದೆ.

ಇಲ್ಲಿ ನಾಲ್ಕು ಮಾತು ಚೆನ್ನಾಗಿ ನೆನಪಿಡಿ.

ಒಂದು, ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಕೆಲವು ವಸ್ತುಗಳನ್ನು ಜಪ್ತಿ ಮಾಡಬಾರದು ಎನ್ನುತ್ತದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಸಂಪ್ರದಾಯದಂತೆ ಹೆಣ್ಣು ತೆಗೆಯಬಾರದ ಒಡವೆ ಇದರಲ್ಲಿ ಸೇರಿವೆ. ಹಾಗೆಯೇ ಕೃಷಿಕರ ಬೇಸಾಯದ ಸಲಕರಣೆ, ಬಿತ್ತನೆ ಬೀಜ ಮತ್ತು ಜೀವನೋಪಾಯಕ್ಕೆ ಅಗತ್ಯವೆಂದು ಕೋರ್ಟಿಗೆ ಕಂಡ ದನಕರು ಕೂಡ. ಆದರೆ "ಕೋರ್ಟಿಗೆ ಕಂಡ" ಎಂಬ ಮಾತನ್ನು ಗಮನಿಸಿ. ಇದೇ ಹಸುವಿನಿಂದ ನನ್ನ ಸಂಸಾರ ನಡೆಯುತ್ತಿದೆ ಎಂದು ನೀವು ಹೋಗಿ ಹೇಳಬೇಕು. ಹಾಲಿನ ಬಟವಾಡೆ ಪುಸ್ತಕ ಆಗ ನಿಮ್ಮ ಸಾಕ್ಷಿ. ಆ ಹಸುವನ್ನೇ ಆಧಾರ ಮಾಡಿ ಸಾಲ ತೆಗೆದಿದ್ದರೆ ಲೆಕ್ಕ ಬೇರೆ, ವಕೀಲರನ್ನು ಕೇಳಿ.

ಎರಡು, ಗಂಡ ಮಾಡಿದ ಕೈಸಾಲಕ್ಕೆ, ನೀವು ಸಹಿ ಅಥವಾ ಜಾಮೀನು ಹಾಕಿರದಿದ್ದರೆ, ಅವರ ನಂತರ ನಿಮ್ಮ ಹೊಣೆ ಅವರಿಂದ ನಿಮಗೆ ಬಂದ ಆಸ್ತಿಯ ಮಿತಿಯೊಳಗೆ ಮಾತ್ರ. ನೀವೇ ದುಡಿದು ಕೊಂಡ ಹಸು ನಿಮ್ಮದು. ಅದಕ್ಕೇ ಹಸು ಕೊಂಡ ಚೀಟಿ ನಿಮ್ಮ ಹೆಸರಿನಲ್ಲಿರಲಿ.

ಮೂರು, ಹಣ ಕೊಡಬೇಕೆಂಬ ಡಿಕ್ರಿಯ ಅಮಲ್ಜಾರಿಯಲ್ಲಿ ಮಹಿಳೆಯನ್ನು ಬಂಧಿಸುವಂತಿಲ್ಲ. ಇದು 56ನೇ ಕಲಮು. ಚರಾಸ್ತಿ ಜಪ್ತಿಗೆಂದು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ವಾಸದ ಮನೆಯೊಳಗೆ ಬರುವಂತೆಯೂ ಇಲ್ಲ. ಇದು 62ನೇ ಕಲಮು.

ನಾಲ್ಕು, ದಾವೆ ನಡೆಯುವಾಗ ಅವಸರದಲ್ಲಿ ಆಸ್ತಿ ಮಾರಿದರೆ "ಕೊಡಬೇಕಾದ್ದನ್ನು ತಪ್ಪಿಸಲು ಮಾರುತ್ತಿದ್ದಾರೆ" ಎಂದು ವಾದಿ ಹೇಳಿ ತೀರ್ಪಿಗೆ ಮುಂಚೆಯೇ ಜಪ್ತಿ ಕೇಳಲು ಅವಕಾಶವಾಗುತ್ತದೆ. ಹೆದರಿ ಹಸು ಮಾರಿದರೆ ಇರುವ ತೊಂದರೆಗೆ ಇನ್ನೊಂದು ಸೇರುತ್ತದೆ.

ಪಾಲಿನ ದಾವೆ

ಪಾಲು ಕೇಳುವ ದಾವೆಯನ್ನು ವಿಭಾಗ ದಾವೆ ಎನ್ನುತ್ತಾರೆ. ಇದರಲ್ಲಿ ಎರಡು ಡಿಕ್ರಿಗಳು. ಯಾರಿಗೆ ಎಷ್ಟು ಪಾಲು ಎಂದು ಹೇಳುವುದು ಪ್ರಾಥಮಿಕ ಡಿಕ್ರಿ. ಅಳತೆ ಮಾಡಿ ಇಂಥ ತುಂಡು ಇಂಥವರಿಗೆ ಎಂದು ಕೊಡುವುದು ಅಂತಿಮ ಡಿಕ್ರಿ. ಮೊದಲನೆಯದು ಬಂದಾಗ ಎಲ್ಲ ಮುಗಿಯಿತು ಎಂದು ಕೂತುಬಿಡಬೇಡಿ.

ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕನ್ನು ಕರ್ನಾಟಕ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಕೊಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರಿಗೂ ಕೊಟ್ಟಿತು. ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ಸರಿಯಾಗಿ ಆಗಿಹೋದ ಪಾಲು, ಮಾರಾಟಗಳನ್ನು ಮಾತ್ರ ಇದು ಮುಟ್ಟುವುದಿಲ್ಲ. ಹಬ್ಬಕ್ಕೆ ತವರಿಗೆ ಹೋದಾಗ "ಒಂದು ಸಹಿ ಅಷ್ಟೇ" ಎಂದು ಮುಂದಿಡುವ ಕಾಗದ ಹಕ್ಕು ಬಿಡುಗಡೆ ಪತ್ರವಾಗಿರಬಹುದು. ಬಿಟ್ಟುಕೊಡುವುದು ನಿಮ್ಮ ಇಷ್ಟ. ಆದರೆ ಏನು ಬಿಡುತ್ತಿದ್ದೀರಿ ಎಂದು ತಿಳಿದು ಬಿಡಿ.

ರಾಜಿ, ಲೋಕ ಅದಾಲತ್, ಉಚಿತ ವಕೀಲರು

ಎಲ್ಲ ದಾವೆಯೂ ತೀರ್ಪಿನವರೆಗೆ ಹೋಗಬೇಕಾಗಿಲ್ಲ. ಇಬ್ಬರೂ ಒಪ್ಪಿದರೆ ಯಾವ ಹಂತದಲ್ಲೂ ರಾಜಿಯಾಗಬಹುದು. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದಕ್ಕೆ ಡಿಕ್ರಿಯಷ್ಟೇ ಬಲ, ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಬರುತ್ತದೆ. ಆದರೆ ಅದರ ಮೇಲೆ ಮೇಲ್ಮನವಿ ಇಲ್ಲ. ಹಾಗಾಗಿ ಪೂರ್ತಿ ಒಪ್ಪಿಗೆಯಾದರೆ ಮಾತ್ರ ಸಹಿ ಹಾಕಿ.

ವಕೀಲರಿಗೆ ಕೊಡಲು ಹಣವಿಲ್ಲ ಎಂದು ಮನೆಯಲ್ಲಿ ಕೂರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಇದೆ. ದಾವೆ ಹಾಕಲೂ ಸರಿ, ನಿಮ್ಮ ಮೇಲೆ ಬಂದ ದಾವೆಗೆ ಉತ್ತರ ಕೊಡಲೂ ಸರಿ. ತಾಲ್ಲೂಕು ಕೋರ್ಟಿನ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯ ಕಚೇರಿ ಕೇಳಿ. ಉಚಿತ ಸಹಾಯವಾಣಿ 15100.

ಮೊದಲು ಹೇಳಿದ ಸದಸ್ಯೆಯ ದಾವೆ ಕೊನೆಗೆ ಲೋಕ ಅದಾಲತ್‌ನಲ್ಲಿ ಮುಗಿಯಿತು. ತಿಂಗಳಿಗಿಷ್ಟು ಎಂದು ಕಂತು ಕಟ್ಟಲು ಒಪ್ಪಿಕೊಂಡರು. ಆ ಹಸು ಕೊಟ್ಟಿಗೆಯಲ್ಲಿ ಇದ್ದಿದ್ದರೆ ಹಾಲಿನ ಬಟವಾಡೆಯಲ್ಲೇ ಕಂತು ತೀರುತ್ತಿತ್ತು. ಈಗ ಕೂಲಿಗೆ ಹೋಗಿ ಕಟ್ಟುತ್ತಿದ್ದಾರೆ. ನಾನು ಅಂದು ಸರ್ಟಿಫಿಕೇಟ್ ಬರೆಯುವ ಮುಂಚೆ ಯಾಕಮ್ಮ ಎಂದು ಒಂದು ಮಾತು ಕೇಳಬೇಕಿತ್ತು.

ಕಳೆದ ವರ್ಷ ಇನ್ನೊಂದು ಊರಿನಿಂದ ಇಂಥದ್ದೇ ಫೋನ್ ಬಂತು. ಈ ಸಲ ಕೇಳಿದೆ. ಹಾಲಿನ ಪುಸ್ತಕದ ನಡುವೆ ಮಡಚಿಟ್ಟಿದ್ದ ಸಮನ್ಸ್ ತಂದುಕೊಟ್ಟರು. ಬಂದು 22 ದಿನವಾಗಿತ್ತು. ಮರುದಿನವೇ ಅವರು ಕಾನೂನು ಸೇವಾ ಸಮಿತಿಗೆ ಹೋದರು, ವಕೀಲರನ್ನು ಕೊಟ್ಟರು, 30 ದಿನದೊಳಗೆ ತಕರಾರು ಸಲ್ಲಿಸಿದರು. ದಾವೆ ಇನ್ನೂ ನಡೆಯುತ್ತಿದೆ. ಗೆಲ್ಲುತ್ತಾರೋ ಇಲ್ಲವೋ ನಾನು ಹೇಳಲಾರೆ. ಹಸು ಮಾತ್ರ ಹೋದ ತಿಂಗಳು ಹೆಣ್ಣು ಕರು ಹಾಕಿತು, ನಾನೇ ಹೋಗಿ ನೋಡಿ ಬಂದೆ.

ಈ ಪುಟವನ್ನು ಕತ್ತರಿಸಿ ಸಂಘದ ಗೋಡೆಗೆ ಅಂಟಿಸಿ. ಓದಲು ಬಾರದ ಸದಸ್ಯೆಯರಿಗೆ ಹಾಲು ಹಾಕಲು ಬಂದಾಗ ಓದಿ ಹೇಳಿ. ಮರೆಯಬಾರದ್ದು ಇಷ್ಟು:

• ಕೋರ್ಟಿನ ಕಾಗದ ಬಂದರೆ ತೆಗೆದುಕೊಳ್ಳಿ, ಬಂದ ತಾರೀಕು ಬರೆದಿಡಿ.
• ಒಂದು ವಾರದೊಳಗೆ ವಕೀಲರನ್ನು ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಿ. ಮಹಿಳೆಯರಿಗೆ ಉಚಿತ.
• 30 ದಿನದೊಳಗೆ ಉತ್ತರ ಸಲ್ಲಿಸಿ. ಹೇಳಿದ ತಾರೀಕಿಗೆ ತಪ್ಪದೆ ಹೋಗಿ.
• ಓದದೆ ಸಹಿ ಬೇಡ. ಖಾಲಿ ಹಾಳೆಗೆ ಸಹಿ ಬೇಡವೇ ಬೇಡ.
• ಸಮನ್ಸ್ ಬಂತೆಂದು ಹಸು ಮಾರಬೇಡಿ.

– ಪಶುವೈದ್ಯಾಧಿಕಾರಿ